ಮೂಳೆಯ ಲೆಕ್ಕ ಶುರುವಾಗುವುದು ಮುಟ್ಟು ನಿಂತ ವಯಸ್ಸಿನಿಂದ

ಮೂಳೆ ಟೊಳ್ಳಾಗುವ ಕಾಯಿಲೆ, ಅಂದರೆ ಆಸ್ಟಿಯೋಪೊರೋಸಿಸ್, ಯಾರಿಗೆ ಬರುತ್ತದೆ ಎಂದು ಯಾವುದಾದರೂ ಆರೋಗ್ಯದ ಕರಪತ್ರ ತೆಗೆದು ನೋಡಿ. ಬಿಳಿ ಮೈಬಣ್ಣದವರು, ತೆಳ್ಳಗಿರುವವರು, ಸಿಗರೇಟು ಸೇದುವವರು, ದಿನಾ ಜಾಸ್ತಿ ಕುಡಿಯುವವರು, ಅಪ್ಪನಿಗೋ ಅಮ್ಮನಿಗೋ ಸೊಂಟ ಮುರಿದಿದ್ದವರು. ಪಟ್ಟಿ ಸುಳ್ಳಲ್ಲ. ಆದರೆ ಅದನ್ನು ಬರೆದದ್ದು ಯುರೋಪು, ಅಮೆರಿಕದ ಹೆಂಗಸರನ್ನು ಎದುರಿಗಿಟ್ಟುಕೊಂಡು. ಕಲಬುರಗಿ ಕಡೆಯ 50 ದಾಟಿದ ಹೆಣ್ಣುಮಗಳೊಬ್ಬರು ಅದನ್ನು ಓದಿದರೆ, ತಾವು ತೆಳ್ಳಗಿರುವುದು ಬಿಟ್ಟರೆ ಬೇರೇನೂ ಅವರಿಗೆ ಹೊಂದುವುದಿಲ್ಲ. 'ಹಾಗಾದ್ರೆ ನನಗೇನಿಲ್ಲ' ಅಂದುಕೊಂಡು ಪಕ್ಕಕ್ಕಿಡುತ್ತಾರೆ. ಅವರಿಗೆ 34ನೇ ವಯಸ್ಸಿಗೇ ಗರ್ಭಕೋಶ ತೆಗೆದಿದ್ದಾರೆ ಅನ್ನೋದು ಯಾರ ಲೆಕ್ಕಕ್ಕೂ ಬರುವುದಿಲ್ಲ.

ನಮ್ಮ ಕಡೆ ಈ ಕಾಯಿಲೆಯ ಅಪಾಯ ಅಳೆಯಬೇಕಾದರೆ ಮೊದಲು ಕೇಳಬೇಕಾದ್ದು 'ಈಗ ವಯಸ್ಸೆಷ್ಟು' ಅಂತಲ್ಲ. 'ಮುಟ್ಟು ನಿಂತಾಗ ವಯಸ್ಸೆಷ್ಟಿತ್ತು, ಹೇಗೆ ನಿಂತಿತು' ಅಂತ.

ಮೊದಲೇ ಒಂದು ಮಾತು. ಮಂಡಿ ನೋವು ಬೇರೆ, ಇದು ಬೇರೆ. ಮಂಡಿಯಲ್ಲಿ ಸವೆಯುವುದು ಕೀಲಿನ ಮೆದುಮೂಳೆ. ಅಲ್ಲಿ ಕಾಯಿಲೆಯ ಸುಳಿವು ಕೊಡುವುದೇ ನೋವು. ಆಸ್ಟಿಯೋಪೊರೋಸಿಸ್‌ನಲ್ಲಿ ಮೂಳೆಯೇ ಒಳಗಿನಿಂದ ಟೊಳ್ಳಾಗುತ್ತಾ ಹೋಗುತ್ತದೆ. ನೋವಿಲ್ಲ, ಬಾವಿಲ್ಲ, ಜ್ವರವಿಲ್ಲ. ಮುರಿದಾಗಲೇ ತಿಳಿಯುವುದು. ಎಷ್ಟೋ ಸಲ ಮುರಿದಾಗಲೂ ತಿಳಿಯುವುದಿಲ್ಲ. ಬೆನ್ನುಮೂಳೆ ಕುಸಿದ ಪ್ರಕರಣಗಳಲ್ಲಿ ಮೂರರಲ್ಲಿ ಎರಡು ಪಾಲು ಡಾಕ್ಟರ ಗಮನಕ್ಕೇ ಬರುವುದಿಲ್ಲ. ಸೊಂಟ ನೋವು ಅಂತ ಎಣ್ಣೆ ಹಚ್ಚಿ ಸುಮ್ಮನಾಗುತ್ತೇವೆ.

ಈಸ್ಟ್ರೋಜನ್ ಹೋದಾಗ ಏನಾಗುತ್ತದೆ

ಮೂಳೆ ಒಮ್ಮೆ ಬೆಳೆದು ಹಾಗೇ ಉಳಿಯುವಂಥದ್ದಲ್ಲ. ಹಳೇ ಮನೆಯ ರಿಪೇರಿಯ ಹಾಗೆ ದಿನವೂ ಕೆಲಸ ನಡೆಯುತ್ತಿರುತ್ತದೆ. ಒಂದು ಬಗೆಯ ಜೀವಕಣಗಳು ಹಳೇ ಮೂಳೆಯನ್ನು ಕೆಡವುತ್ತವೆ, ಇನ್ನೊಂದು ಬಗೆಯವು ಆ ಜಾಗದಲ್ಲಿ ಹೊಸದು ಕಟ್ಟುತ್ತವೆ. ಕೆಡವುವವರನ್ನು ಹಿಡಿತದಲ್ಲಿಟ್ಟುಕೊಂಡ ಮೇಸ್ತ್ರಿ ಅಂದರೆ ಅಂಡಾಶಯದಲ್ಲಿ ಹುಟ್ಟುವ ಈಸ್ಟ್ರೋಜನ್ ಹಾರ್ಮೋನು. ಮುಟ್ಟು ನಿಲ್ಲುವ ಹೊತ್ತಿಗೆ ಅದು ಕುಸಿಯುತ್ತದೆ. ಕೆಡವುವ ಕಣಗಳ ಸಂಖ್ಯೆಯೂ ಹೆಚ್ಚುತ್ತದೆ, ಆಯುಸ್ಸೂ ಹೆಚ್ಚುತ್ತದೆ. ಕಟ್ಟುವವರೂ ಚುರುಕಾಗುತ್ತಾರೆ, ಆದರೆ ಆ ವೇಗಕ್ಕೆ ಸಾಟಿಯಾಗುವುದಿಲ್ಲ.

ಈ ನಂಟನ್ನು ಮೊದಲು ಹಿಡಿದವರು ಅಮೆರಿಕದ ಬಾಸ್ಟನ್‌ನಲ್ಲಿದ್ದ ಫುಲ್ಲರ್ ಆಲ್‌ಬ್ರೈಟ್. 1940ರ ಸುಮಾರಿಗೆ ಅವರು 65ರೊಳಗೇ ಬೆನ್ನುಮೂಳೆ ಕುಸಿದಿದ್ದ 42 ರೋಗಿಗಳನ್ನು ಗಮನಿಸಿದರು. ಅವರಲ್ಲಿ 40 ಮಂದಿ ಮುಟ್ಟು ನಿಂತ ಹೆಂಗಸರು. ಇದು ಬರೀ ವಯಸ್ಸಾದದ್ದರಿಂದ ಬಂದದ್ದಲ್ಲ ಎಂದು ಅಲ್ಲಿಂದ ಗೊತ್ತಾಯಿತು.

ಎಷ್ಟು ಬೇಗ ಕರಗುತ್ತದೆ ಅನ್ನುವುದಕ್ಕೆ ಒಳ್ಳೆಯ ಅಂಕಿ ಸಿಕ್ಕಿದ್ದು 'ಸ್ವಾನ್' ಅನ್ನೋ ಅಮೆರಿಕದ ದೊಡ್ಡ ಅಧ್ಯಯನದಿಂದ. 1996ರಿಂದ ಅದು ಸಾವಿರಾರು ಹೆಂಗಸರನ್ನು ವರ್ಷಗಟ್ಟಲೆ ಹಿಂಬಾಲಿಸಿದೆ. ಕೊನೆಯ ಮುಟ್ಟಿಗೆ ಒಂದು ವರ್ಷ ಮುಂಚೆ ಇಳಿತ ಶುರುವಾಗುತ್ತದೆ, ಆಮೇಲೆ ಎರಡು ವರ್ಷ ಜೋರಾಗಿ ನಡೆಯುತ್ತದೆ. ಈ ಮೂರು ವರ್ಷದಲ್ಲೇ ಬೆನ್ನುಮೂಳೆಯ ಸಾಂದ್ರತೆ ಶೇ 7ರಷ್ಟು ಹೋಗುತ್ತದೆ. ಆಮೇಲೆ ವೇಗ ತಗ್ಗುತ್ತದೆ, ನಿಲ್ಲುವುದಿಲ್ಲ. ಅಂದಹಾಗೆ, ಆ ಅಧ್ಯಯನದಲ್ಲಿ ಬಿಳಿಯರು, ಕರಿಯರು, ಹಿಸ್ಪಾನಿಕ್, ಚೀನೀ, ಜಪಾನೀ ಮೂಲದವರು ಇದ್ದಾರೆ. ಭಾರತೀಯರ ಗುಂಪು ಇಲ್ಲ.

ಮೂಳೆಯ ಒಳಗಿನ ಜಾಲರಿಯಂಥ ಭಾಗ ಮೊದಲು ಕರಗುತ್ತದೆ, ಹೊರಗಿನ ಗಟ್ಟಿ ಭಾಗ ನಂತರ. ಅದಕ್ಕೇ ಮುರಿಯುವುದಕ್ಕೂ ಒಂದು ಕ್ರಮವಿದೆ. 50ರ ಆಸುಪಾಸಿನಲ್ಲಿ ಮಣಿಕಟ್ಟು, 60ರಲ್ಲಿ ಬೆನ್ನು, ಆಮೇಲೆ ಸೊಂಟದ ಹತ್ತಿರ ತೊಡೆಮೂಳೆಯ ಕತ್ತು. ಕೊನೆಯದು ಎಲ್ಲಕ್ಕಿಂತ ಭಯಾನಕ. ಸೊಂಟ ಮುರಿದುಕೊಂಡ ಹಿರಿಯರಲ್ಲಿ ಸುಮಾರು ಐವರಲ್ಲಿ ಒಬ್ಬರು ವರ್ಷದೊಳಗೆ ತೀರಿಕೊಳ್ಳುತ್ತಾರೆ. ಉಳಿದವರಲ್ಲಿ ಎಷ್ಟೋ ಜನ ಮೊದಲಿನ ಹಾಗೆ ನಡೆಯಲಾರರು.

34ರ ಆಪರೇಷನ್

ಪಶ್ಚಿಮದ ದೇಶಗಳಲ್ಲಿ ಮುಟ್ಟು ನಿಲ್ಲುವ ಸರಾಸರಿ ವಯಸ್ಸು 51. ನಮ್ಮಲ್ಲಿ 46-47. ಅಂದರೆ ಯಾವ ಆಪರೇಷನ್ನೂ ಇಲ್ಲದೆ, ಬರೀ ಸಹಜವಾಗಿಯೇ, ನಮ್ಮ ಹೆಂಗಸರ ಮೂಳೆ ನಾಲ್ಕೈದು ವರ್ಷ ಮುಂಚೆ ಕಾವಲು ಕಳೆದುಕೊಳ್ಳುತ್ತದೆ. 45ರೊಳಗೆ ನಿಂತರೆ ಬೇಗ ಅಂತ, 40ರೊಳಗೆ ನಿಂತರೆ ಅಕಾಲ ಅಂತ ವೈದ್ಯರು ಲೆಕ್ಕ ಹಾಕುತ್ತಾರೆ. ಎರಡೂ ಮೂಳೆಗೆ ಒಳ್ಳೆಯದಲ್ಲ.

ಇದರ ಮೇಲೆ ಆಪರೇಷನ್. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ನಾಲ್ಕನೇ ಸುತ್ತು, ಅಂದರೆ 2015-16ರದ್ದು, ಗರ್ಭಕೋಶ ತೆಗೆಸಿದ್ದರ ಬಗ್ಗೆ ಮೊದಲ ಬಾರಿಗೆ ವಿವರವಾಗಿ ಕೇಳಿತು. 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ 3.2ರಷ್ಟು ಜನರಿಗೆ ಆಪರೇಷನ್ ಆಗಿತ್ತು. ಪಕ್ಕದ ಆಂಧ್ರದಲ್ಲಿ ಶೇ 8.9, ತೆಲಂಗಾಣದಲ್ಲಿ ಶೇ 7.7. ಆಪರೇಷನ್ ಆದವರಲ್ಲಿ ಅರ್ಧದಷ್ಟು ಜನರಿಗೆ ಅದು ಸುಮಾರು 34ನೇ ವಯಸ್ಸಿನೊಳಗೇ ಆಗಿತ್ತು. ಈ ಅಂಕಿಯನ್ನು ಸ್ವಲ್ಪ ಹುಷಾರಾಗಿ ಓದಬೇಕು. ಸಮೀಕ್ಷೆ 49ಕ್ಕೆ ನಿಲ್ಲುತ್ತದೆ. 50 ದಾಟಿದ ಮೇಲೆ ತೆಗೆಸಿಕೊಂಡವರು ಅದರಲ್ಲಿ ಬರುವುದೇ ಇಲ್ಲ, ಹಾಗಾಗಿ ವಯಸ್ಸು ನಿಜಕ್ಕಿಂತ ಕಡಿಮೆ ಕಾಣುತ್ತದೆ. ಹಾಗಿದ್ದರೂ ಮೂವತ್ತರ ಆಸುಪಾಸಿನಲ್ಲಿ ಇಷ್ಟು ಆಪರೇಷನ್ನು ನಡೆಯುವುದು ಸಹಜ ಅಲ್ಲ. ಮೂರರಲ್ಲಿ ಎರಡರಷ್ಟು ನಡೆದದ್ದು ಖಾಸಗಿ ಆಸ್ಪತ್ರೆಗಳಲ್ಲಿ. ಅತಿಯಾಗಿ ರಕ್ತ ಹೋಗುತ್ತಿತ್ತು ಅನ್ನೋದು ಹೆಚ್ಚಿನವರು ಹೇಳಿದ ಕಾರಣ. ಇದಕ್ಕೆ ಮಾತ್ರೆಯಿಂದ ಹಿಡಿದು ಗರ್ಭಕೋಶದೊಳಗಿಡುವ, ಹಾರ್ಮೋನು ಬಿಡುವ ವಂಕಿಯ ತನಕ ಬೇರೆ ದಾರಿಗಳಿವೆ. ಅದನ್ನು ಹೇಳುವಷ್ಟು ಹೊತ್ತು ಯಾರಿಗೂ ಇರಲಿಲ್ಲ.

ಕರ್ನಾಟಕಕ್ಕೆ ಇದು ದೂರದ ಸುದ್ದಿ ಅಲ್ಲ. ಕಲಬುರಗಿ ಜಿಲ್ಲೆಯ ಲಂಬಾಣಿ ತಾಂಡಾಗಳಲ್ಲಿ ಹೊಟ್ಟೆನೋವು, ಬಿಳುಪು ಹೋಗುವುದು ಅಂತ ಹೋದ ಹೆಂಗಸರ ಗರ್ಭಕೋಶ ತೆಗೆದ ಸಂಗತಿ ಸುಮಾರು ಹತ್ತು ವರ್ಷದ ಹಿಂದೆ ಹೊರಬಂದಿತ್ತು. ಹಾವೇರಿ ಜಿಲ್ಲೆಯ ರಾಣೆಬೆನ್ನೂರಿನಲ್ಲೂ ಇಂಥದ್ದೇ ದೂರುಗಳು ಎದ್ದವು. ಗಡಿಯಾಚೆ ಮಹಾರಾಷ್ಟ್ರದ ಬೀಡ್ ಜಿಲ್ಲೆಯಲ್ಲಿ ಮೂರು ವರ್ಷಗಳಲ್ಲಿ 4,605 ಆಪರೇಷನ್ ನಡೆದಿವೆ ಎಂದು 2019ರಲ್ಲಿ ಅಲ್ಲಿನ ಸರ್ಕಾರವೇ ಸದನದಲ್ಲಿ ಹೇಳಿತು. ಅಲ್ಲಿನ ಎಷ್ಟೋ ಹೆಂಗಸರು ಕಬ್ಬು ಕಡಿಯುವ ಕೂಲಿಗಳು. ಮುಟ್ಟಿನ ದಿನ ರಜೆ ಹಾಕಿದರೆ ದಂಡ ಕಟ್ಟಬೇಕು. ಅದಕ್ಕಿಂತ ಚೀಲ ತೆಗೆಸಿಬಿಡುವುದೇ ವಾಸಿ ಅನ್ನುವ ಲೆಕ್ಕ. ಅವರಲ್ಲಿ ಕೆಲವರು ಕಟಾವಿಗೆ ನಮ್ಮ ಕಡೆಗೂ ಬರುತ್ತಾರೆ. ಬಿಹಾರ, ಛತ್ತೀಸ್‌ಗಢ, ರಾಜಸ್ಥಾನದ ಪ್ರಕರಣಗಳ ಬಗ್ಗೆ 2013ರಲ್ಲಿ ಹಾಕಿದ್ದ ಸಾರ್ವಜನಿಕ ಹಿತಾಸಕ್ತಿ ಅರ್ಜಿಗೆ ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ ತೀರ್ಪು ಕೊಟ್ಟಿತು. ಅನಗತ್ಯವಾಗಿ ಗರ್ಭಕೋಶ ತೆಗೆಯುವುದನ್ನು ತಡೆಯುವ ಕೇಂದ್ರದ 2022ರ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಮೂರು ತಿಂಗಳಲ್ಲಿ ಜಾರಿ ಮಾಡಬೇಕು ಎಂದಿತು.

ಈ ಚರ್ಚೆಯೆಲ್ಲ ನಡೆದದ್ದು ಹಕ್ಕು, ಹಣ, ಮೋಸದ ಸುತ್ತ. ನಡೆಯಲೇಬೇಕಿತ್ತು. ಆದರೆ ಆ ಹೆಂಗಸರ ಮೂಳೆಗೆ ಮುಂದೇನಾಯಿತು ಅನ್ನುವುದು ಸುದ್ದಿ ಆಗಲಿಲ್ಲ. 20 ವರ್ಷ ಆದ ಮೇಲೆ ಕಾಣಿಸಿಕೊಳ್ಳುವ ತೊಂದರೆ ಯಾವಾಗ ತಾನೇ ಸುದ್ದಿಯಾಗುತ್ತದೆ?

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು. ಗರ್ಭಕೋಶ ತೆಗೆದರೆ ಮುಟ್ಟು ನಿಲ್ಲುತ್ತದೆ, ಆದರೆ ಈಸ್ಟ್ರೋಜನ್ ಬರುವುದು ಅಲ್ಲಿಂದಲ್ಲ. ಅದು ಬರುವುದು ಪಕ್ಕದ ಎರಡು ಅಂಡಾಶಯಗಳಿಂದ. ಅವನ್ನು ಉಳಿಸಿದ್ದರೆ ಹಾರ್ಮೋನು ಇನ್ನೂ ಬರುತ್ತಿರುತ್ತದೆ, ಆದರೂ ಅಂಡಾಶಯ ಒಂದೆರಡು ವರ್ಷ ಮುಂಚೆಯೇ ಸುಸ್ತಾಗುವುದುಂಟು. ಅವನ್ನೂ ಸೇರಿಸಿ ತೆಗೆದಿದ್ದರೆ ಕೆಲವೇ ದಿನಗಳಲ್ಲಿ ಈಸ್ಟ್ರೋಜನ್ ಪಾತಾಳಕ್ಕಿಳಿಯುತ್ತದೆ. ಸಹಜವಾಗಿ ನಾಲ್ಕೈದು ವರ್ಷ ಎಳೆದು ಆಗುವ ಬದಲಾವಣೆ ಒಂದು ಬೆಳಿಗ್ಗೆಗೆ ಆಗಿಬಿಡುತ್ತದೆ. ಆಪರೇಷನ್ ಆದ ಎಷ್ಟೋ ಜನರಿಗೆ ತಮಗೆ ಏನೇನು ತೆಗೆದಿದ್ದಾರೆ ಅನ್ನುವುದೇ ಗೊತ್ತಿಲ್ಲ. 'ಚೀಲ ತೆಗೆದ್ರು' ಅನ್ನುತ್ತಾರೆ, ಅಷ್ಟೇ. ಡಿಸ್ಚಾರ್ಜ್ ಚೀಟಿ ಎಲ್ಲೋ ಟ್ರಂಕಿನಲ್ಲಿರುತ್ತದೆ, ಇಲ್ಲದಿದ್ದರೆ ಅದೂ ಇಲ್ಲ.

ಈಗ 55 ವಯಸ್ಸಿನ ಇಬ್ಬರನ್ನು ತಗೊಳ್ಳಿ. ಒಬ್ಬರಿಗೆ ಸಹಜವಾಗಿ 51ಕ್ಕೆ ಮುಟ್ಟು ನಿಂತಿದೆ. ಇನ್ನೊಬ್ಬರಿಗೆ 35ಕ್ಕೆ ಗರ್ಭಕೋಶ, ಅಂಡಾಶಯ ಎರಡೂ ಹೋಗಿವೆ. ಈಸ್ಟ್ರೋಜನ್ ಇಲ್ಲದೆ ಕಳೆದದ್ದು ಮೊದಲನೆಯವರಿಗೆ 4 ವರ್ಷ, ಎರಡನೆಯವರಿಗೆ 20 ವರ್ಷ. ಆಸ್ಪತ್ರೆಯ ಚೀಟಿಯಲ್ಲಿ ಮಾತ್ರ ಇಬ್ಬರೂ '55, ಹೆಣ್ಣು'.

ಮುರಿತದ ಅಪಾಯ ಅಳೆಯಲು ಡಾಕ್ಟರುಗಳು ಹೆಚ್ಚಾಗಿ ಬಳಸುವ ಸಾಧನ ಇಂಗ್ಲೆಂಡಿನ ಶೆಫೀಲ್ಡ್ ವಿಶ್ವವಿದ್ಯಾಲಯ 2008ರಲ್ಲಿ ತಂದ 'ಫ್ರಾಕ್ಸ್'. ವಯಸ್ಸು, ತೂಕ, ಎತ್ತರ, ಹಿಂದಿನ ಮುರಿತ, ಸಿಗರೇಟು, ಕುಡಿತ, ಸ್ಟೀರಾಯ್ಡ್ ಹೀಗೆ ಕೆಲವು ಪ್ರಶ್ನೆ ಕೇಳಿ ಮುಂದಿನ 10 ವರ್ಷದಲ್ಲಿ ಮುರಿಯುವ ಸಾಧ್ಯತೆ ಎಷ್ಟು ಎಂದು ಹೇಳುತ್ತದೆ. ಒಳ್ಳೆಯ ಸಾಧನವೇ. ಆದರೆ ಅದು 40ರ ಮೇಲಿನವರಿಗೆ ಮಾತ್ರ. 35ಕ್ಕೆ ಆಪರೇಷನ್ ಆದವರನ್ನು ಅದು ಐದು ವರ್ಷ ಒಳಗೇ ಸೇರಿಸುವುದಿಲ್ಲ. 40 ದಾಟಿದ ಮೇಲೂ, 45ರೊಳಗೆ ಮುಟ್ಟು ನಿಂತದ್ದು ಅದರಲ್ಲಿ 'ಬೇರೆ ಕಾರಣದ ಆಸ್ಟಿಯೋಪೊರೋಸಿಸ್' ಅನ್ನೋ ಒಂದೇ ಚೌಕದೊಳಗೆ ಹತ್ತಾರು ಕಾಯಿಲೆಗಳ ಜೊತೆ ಅಡಗಿ ಕೂತಿದೆ. ಮೂಳೆಯ ಸಾಂದ್ರತೆ ಅಳೆಯುವ ಸ್ಕ್ಯಾನಿನ ಅಂಕಿ ಹಾಕಿದ ಕೂಡಲೇ ಆ ಚೌಕಕ್ಕೆ ಬೆಲೆಯೇ ಇರುವುದಿಲ್ಲ. ಹೊಗೆಸೊಪ್ಪು, ಕಡ್ಡಿಪುಡಿ ಬಗ್ಗೆ ಪ್ರಶ್ನೆಯೇ ಇಲ್ಲ. ಸೇದುತ್ತೀರಾ ಅಂತಷ್ಟೇ ಕೇಳುತ್ತದೆ.

ತುಂಬಿದ್ದೆಷ್ಟು ಅನ್ನುವುದೂ ಮುಖ್ಯ

ಕರಗುವುದು ಎಷ್ಟು ಬೇಗ ಅನ್ನುವುದರ ಜೊತೆ, ಮೊದಲು ಇದ್ದದ್ದೆಷ್ಟು ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ಮೂಳೆಯ ಶೇ 90ರಷ್ಟು 18-20ರ ವಯಸ್ಸಿಗೆ ಕಟ್ಟಿ ಆಗಿರುತ್ತದೆ. ಆ ವಯಸ್ಸಿನಲ್ಲಿ ನಮ್ಮ ಹೆಣ್ಣುಮಕ್ಕಳು ಏನು ತಿಂದರು? ಮನೆಯಲ್ಲಿ ಎರಡು ಹಸು ಇದ್ದರೂ ಹಾಲು ಡೈರಿಗೆ ಹೋಗುತ್ತಿತ್ತು. ಉಳಿದದ್ದು ಗಂಡುಮಕ್ಕಳಿಗೆ. ಹುಡುಗಿಗೆ ಮಜ್ಜಿಗೆ ನೀರು. ಈಗಿನ 55-60ರ ಹೆಂಗಸರು ಆ ಕಾಲದವರು.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ವೀಣಾ ಶತ್ರುಘ್ನ ಮತ್ತು ಅವರ ತಂಡ ಬಡ ಕುಟುಂಬಗಳ 30ರಿಂದ 60 ವಯಸ್ಸಿನ 289 ಹೆಂಗಸರ ಮೂಳೆ ಅಳೆದು 2005ರಲ್ಲಿ ಪ್ರಕಟಿಸಿತು. ಮುಂದುವರಿದ ದೇಶಗಳ ಹೆಂಗಸರಿಗಿಂತ ಎಲ್ಲ ಜಾಗದಲ್ಲೂ ಸಾಂದ್ರತೆ ತುಂಬಾ ಕಡಿಮೆ. ತೊಡೆಮೂಳೆಯ ಕತ್ತಿನಲ್ಲಿ ಆಸ್ಟಿಯೋಪೊರೋಸಿಸ್ ಇದ್ದವರು ಸುಮಾರು ಶೇ 29. ನೆನಪಿಡಿ, ಇದರಲ್ಲಿ 30ರ ಹರೆಯದವರೂ ಇದ್ದರು.

ಇಂಥ ಅಂಕಿ ನೋಡಿ 'ಭಾರತೀಯರ ಮೂಳೆ ಹುಟ್ಟಿನಿಂದಲೇ ಚಿಕ್ಕದು' ಅನ್ನುವವರಿದ್ದಾರೆ. ಸ್ವಲ್ಪ ನಿಜ. ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಮೂಳೆಯನ್ನು ಫೋಟೋದ ಹಾಗೆ ಅಗಲ-ಉದ್ದದಲ್ಲಿ ಅಳೆಯುತ್ತದೆ, ದಪ್ಪ ಅಳೆಯುವುದಿಲ್ಲ. ಹಾಗಾಗಿ ಚಿಕ್ಕ ಮೂಳೆಗೆ ಅಂಕ ಕಡಿಮೆ ಬೀಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 1994ರಲ್ಲಿ ಮಾಡಿದ ಗೆರೆ ಪ್ರಕಾರ ಟಿ-ಸ್ಕೋರ್ ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೋಪೊರೋಸಿಸ್. ಆ ಸ್ಕೋರ್ ಲೆಕ್ಕ ಹಾಕಲು ಹೋಲಿಸುವುದು ಬಿಳಿಯ ಯುವತಿಯರ ಮೂಳೆಗೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ನಮ್ಮದೇ ಅಳತೆಗೋಲೊಂದನ್ನು ಮಾಡಿದೆ. ಅದನ್ನು ಹಿಡಿದರೆ ಕಾಯಿಲೆ ಇದೆ ಅನ್ನಿಸಿಕೊಳ್ಳುವವರ ಸಂಖ್ಯೆ ಇಳಿಯುತ್ತದೆ. ಹಾಗಂತ ಸಮಾಧಾನಪಟ್ಟುಕೊಳ್ಳುವ ಹಾಗಿಲ್ಲ. ಅರೆಹೊಟ್ಟೆ ತಿಂದು ಬೆಳೆದವರನ್ನೇ ಅಳತೆಗೋಲು ಮಾಡಿಕೊಂಡರೆ ಎಲ್ಲರೂ ಸರಿಯಾಗಿಯೇ ಕಾಣುತ್ತಾರೆ, ಅಲ್ವಾ?

ಊಟದ ವಿಷಯಕ್ಕೆ ಬಂದರೆ ಕರ್ನಾಟಕದಲ್ಲಿ ಒಂದು ಸ್ವಾರಸ್ಯವಿದೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ. ಅಷ್ಟೇ ಜೋಳದಲ್ಲಿ 30ಕ್ಕಿಂತ ಕಡಿಮೆ. ಬಿಳಿ ಅಕ್ಕಿಯಲ್ಲಿ 10 ಕೂಡ ಇಲ್ಲ. ಮಂಡ್ಯ, ಹಾಸನ, ತುಮಕೂರಿನ ಕಡೆ ದಿನಾ ಮುದ್ದೆ ಉಣ್ಣುವವರಿಗೂ ರೊಟ್ಟಿ ತಿನ್ನುವ ವಿಜಯಪುರ, ಕಲಬುರಗಿಯವರಿಗೂ ಇಷ್ಟು ಅಂತರ. ಮುಟ್ಟು ನಿಂತ ಹೆಂಗಸಿಗೆ ದಿನಕ್ಕೆ 1,200 ಮಿಲಿಗ್ರಾಂ ಬೇಕು ಎನ್ನುತ್ತದೆ ಪೋಷಣಾ ಸಂಸ್ಥೆಯ 2020ರ ಶಿಫಾರಸು. ರಾಗಿಯಲ್ಲಿರುವುದೆಲ್ಲ ಮೈಗೆ ಹತ್ತುವುದಿಲ್ಲ, ಅದರಲ್ಲಿರುವ ಫೈಟೇಟ್ ಅಂಶ ಅಡ್ಡ ಬರುತ್ತದೆ. ಮೊಳಕೆ ಕಟ್ಟಿ ಹಿಟ್ಟು ಮಾಡಿದರೆ ಆ ಅಡ್ಡಿ ಕಡಿಮೆಯಾಗುತ್ತದೆ. ಹುರಿಟ್ಟು, ಮಾಲ್ಟ್ ಮಾಡುತ್ತಿದ್ದ ಅಜ್ಜಿಯರಿಗೆ ಫೈಟೇಟ್ ಗೊತ್ತಿರಲಿಲ್ಲ, ಕೆಲಸ ಮಾತ್ರ ಸರಿಯಾಗಿತ್ತು. ಹಾಲಿನಲ್ಲಿ 100 ಮಿಲಿಲೀಟರಿಗೆ 120 ಮಿಲಿಗ್ರಾಂ. ಎಳ್ಳು, ನುಗ್ಗೆಸೊಪ್ಪು ಕೂಡ ಒಳ್ಳೆಯವು. 2013ರಲ್ಲಿ ಶುರುವಾದ ಕ್ಷೀರಭಾಗ್ಯದ ಹಾಲು ಕುಡಿದ ಹುಡುಗಿಯರಿಗೆ ಮುಟ್ಟು ನಿಲ್ಲುವ ಹೊತ್ತಿಗೆ 2045 ದಾಟಿರುತ್ತದೆ. ಆ ಲೋಟದ ಫಲ ಕಾಣುವುದು ಅಲ್ಲಿಗೆ.

ಇನ್ನು ಬಿಸಿಲು. ಇಷ್ಟು ಬಿಸಿಲಿರುವ ನಾಡಿನಲ್ಲಿ ವಿಟಮಿನ್ ಡಿ ಕೊರತೆಯೇ? ತಿರುಪತಿಯ ವೈದ್ಯರ ತಂಡವೊಂದು 2007ರಲ್ಲಿ ಪ್ರಕಟಿಸಿದ ಅಧ್ಯಯನ ದಕ್ಷಿಣ ಭಾರತದ ಆರೋಗ್ಯವಂತರಲ್ಲೇ, ಹಳ್ಳಿಯಲ್ಲೂ ಪೇಟೆಯಲ್ಲೂ, ಈ ಕೊರತೆ ವ್ಯಾಪಕವಾಗಿದೆ ಎಂದು ತೋರಿಸಿತು. ಮೈಬಣ್ಣ ಕಪ್ಪಾದಷ್ಟೂ ಜಾಸ್ತಿ ಹೊತ್ತು ಬಿಸಿಲು ಬೇಕು. ಬೆಳಗಿನ ಎಳೆಬಿಸಿಲು ಹಿತ, ಆದರೆ ಅದರಲ್ಲಿ ವಿಟಮಿನ್ ತಯಾರಾಗುವ ಕಿರಣ ಕಡಿಮೆ. 10ರಿಂದ 3ರ ನಡುವಿನ ಬಿಸಿಲೇ ಬೇಕು, ಆಗ ಹೆಂಗಸರು ಅಡುಗೆಮನೆಯಲ್ಲೋ ಆಫೀಸಿನಲ್ಲೋ ಗಾರ್ಮೆಂಟ್ಸ್ ಶೆಡ್ಡಿನಲ್ಲೋ ಇರುತ್ತಾರೆ. ಹೊಲದಲ್ಲಿರುವವರೂ ತಲೆಗೆ ಸೆರಗು, ಮೇಲೆ ಗಂಡಸರ ಹಳೇ ಅಂಗಿ ಹಾಕಿ ಮೈ ಮುಚ್ಚಿಕೊಂಡಿರುತ್ತಾರೆ.

ವಿಟಮಿನ್ ಡಿ ತೀರಾ ಕಡಿಮೆಯಾದರೆ ಮೂಳೆಗೆ ಸುಣ್ಣ ಕೂರದೆ ಅದು ಮೆತ್ತಗಾಗುತ್ತದೆ. ಅದು ಬೇರೆಯೇ ಕಾಯಿಲೆ, ಆದರೆ ಸ್ಕ್ಯಾನಿನಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಕಡಿಮೆ ಸ್ಕೋರ್ ಬಂದ ಕೂಡಲೇ ದುಬಾರಿ ಔಷಧಿ ಶುರು ಮಾಡುವ ಮುಂಚೆ ರಕ್ತ ಪರೀಕ್ಷೆ ಮಾಡಿಸಬೇಕು ಅನ್ನುವುದು ಇದಕ್ಕೇ. ಕೊರತೆ ತುಂಬಿಸುವುದು ಅಗ್ಗ, ಕೆಲವರ ಸ್ಕೋರ್ ಅದರಿಂದಲೇ ಏರುತ್ತದೆ.

ಫ್ಲೋರೈಡಿನ ಊರುಗಳು

ಕೋಲಾರ, ಚಿಕ್ಕಬಳ್ಳಾಪುರ, ಪಾವಗಡ, ಕೊಪ್ಪಳ, ರಾಯಚೂರಿನ ಕಡೆಯ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಇರುವುದು ಎಲ್ಲರಿಗೂ ಗೊತ್ತು. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದವರ ಸ್ಕ್ಯಾನ್ ತಮಾಷೆ ಮಾಡುತ್ತದೆ. ಮೂಳೆಯ ಸಾಂದ್ರತೆ ಚೆನ್ನಾಗಿದೆ ಎಂದೇ ತೋರಿಸಬಹುದು. ಆದರೆ ಆ ಮೂಳೆ ಗಟ್ಟಿ ಅಲ್ಲ, ಪೆಡಸು.

ಇದಕ್ಕೆ ಪುರಾವೆ ಅನಿರೀಕ್ಷಿತ ಜಾಗದಿಂದ ಬಂತು. ಒಂದು ಕಾಲದಲ್ಲಿ ಫ್ಲೋರೈಡನ್ನೇ ಆಸ್ಟಿಯೋಪೊರೋಸಿಸ್‌ಗೆ ಔಷಧಿ ಮಾಡಲು ಹೊರಟಿದ್ದರು. ಅಮೆರಿಕದ ಮೇಯೋ ಕ್ಲಿನಿಕ್ಕಿನವರು 1990ರಲ್ಲಿ ಫಲಿತಾಂಶ ಪ್ರಕಟಿಸಿದರು. ಬೆನ್ನುಮೂಳೆಯ ಸಾಂದ್ರತೆ ನಾಲ್ಕು ವರ್ಷದಲ್ಲಿ ಶೇ 35 ಏರಿತ್ತು. ಬೆನ್ನುಮೂಳೆಯ ಮುರಿತ ಮಾತ್ರ ಗಣನೀಯವಾಗಿ ಕಡಿಮೆಯಾಗಲಿಲ್ಲ, ಬೇರೆ ಕಡೆಯ ಮುರಿತಗಳು ಹೆಚ್ಚಾದವು. ಫ್ಲೋರೈಡಿನ ಊರಿನ ಹೆಂಗಸಿಗೆ 'ರಿಪೋರ್ಟ್ ನಾರ್ಮಲ್' ಅಂತ ಹೇಳಿ ಕಳಿಸುವ ಮುಂಚೆ ಯಾವ ಬೋರಿನ ನೀರು ಕುಡಿಯುತ್ತಾರೆ ಎಂದು ಕೇಳಬೇಕಾದ್ದು ಇದಕ್ಕೇ.

ಸಕ್ಕರೆ ಕಾಯಿಲೆಯೂ ಇದೇ ರೀತಿ ಮೋಸ ಮಾಡುತ್ತದೆ. ಟೈಪ್-2 ಡಯಾಬಿಟಿಸ್ ಇರುವವರ ಸಾಂದ್ರತೆ ಮಾಮೂಲಾಗಿಯೋ ಹೆಚ್ಚಾಗಿಯೋ ಇರುತ್ತದೆ, ಆದರೂ ಅವರಿಗೆ ಮುರಿತ ಜಾಸ್ತಿ. ಫ್ರಾಕ್ಸ್ ಇದನ್ನು ಪೂರ್ತಿ ಹಿಡಿಯುವುದಿಲ್ಲ. ದೇಶದಲ್ಲಿ 10 ಕೋಟಿ ಡಯಾಬಿಟಿಸ್ ರೋಗಿಗಳಿರುವಾಗ ಇದು ಚಿಕ್ಕ ವಿಷಯ ಅಲ್ಲ.

ಔಷಧಿ ಡಬ್ಬಿಯೊಳಗಿನ ಅಪಾಯ

ಮೂಳೆಯನ್ನು ಕರಗಿಸುವುದರಲ್ಲಿ ಸ್ಟೀರಾಯ್ಡಿಗೆ ಮೊದಲ ಸ್ಥಾನ. ದಿನಕ್ಕೆ 5 ಮಿಲಿಗ್ರಾಂ ಪ್ರೆಡ್ನಿಸೊಲೋನ್ ಮೂರು ತಿಂಗಳು ತಗೊಂಡರೂ ಅಪಾಯದ ಪಟ್ಟಿಗೆ ಸೇರುತ್ತೀರಿ. ಸಂಧಿವಾತಕ್ಕೆ ಡಾಕ್ಟರು ಬರೆದುಕೊಟ್ಟದ್ದಾದರೆ ಕನಿಷ್ಠ ಗೊತ್ತಾದರೂ ಇರುತ್ತದೆ. ಗೊತ್ತಿಲ್ಲದೆ ಹೊಟ್ಟೆ ಸೇರುವುದು ಇನ್ನೂ ಕೆಟ್ಟದ್ದು. ಉಬ್ಬಸಕ್ಕೆ, ಕೀಲುನೋವಿಗೆ ಅಂತ ಪೊಟ್ಟಣದಲ್ಲಿ ಸಿಗುವ ಹೆಸರಿಲ್ಲದ ಪುಡಿ, ಗುಳಿಗೆಗಳಲ್ಲಿ ಸ್ಟೀರಾಯ್ಡ್ ಬೆರೆಸಿರುವುದುಂಟು. ತಿಂದ ಮರುದಿನವೇ ನೋವು ಮಾಯವಾದರೆ ಖುಷಿ ಪಡುವ ಬದಲು ಅನುಮಾನ ಪಡಬೇಕು.

ಸ್ತನ ಕ್ಯಾನ್ಸರಿಗೆ ಕೊಡುವ ಲೆಟ್ರೋಜೋಲ್, ಅನಾಸ್ಟ್ರೋಜೋಲ್ ಮಾತ್ರೆಗಳು ಉಳಿದ ಈಸ್ಟ್ರೋಜನ್ನನ್ನೂ ಒರೆಸಿಹಾಕುತ್ತವೆ. ಅವು ಜೀವ ಉಳಿಸುವ ಮಾತ್ರೆಗಳು, ನಿಲ್ಲಿಸುವಂತಿಲ್ಲ. ಆದರೆ ಶುರು ಮಾಡುವಾಗಲೇ ಮೂಳೆಯ ಸ್ಕ್ಯಾನ್ ಆಗಬೇಕು. ಥೈರಾಯ್ಡ್ ಮಾತ್ರೆ ಬೇಕಾದ್ದಕ್ಕಿಂತ ಹೆಚ್ಚಿನ ಡೋಸಿನಲ್ಲಿ ವರ್ಷಗಟ್ಟಲೆ ನಡೆದರೂ ಮೂಳೆಗೆ ಪೆಟ್ಟು. ದಿನಾ ಬೆಳಿಗ್ಗೆ ನುಂಗುವ ಗ್ಯಾಸಿನ ಮಾತ್ರೆಯ ಬಗ್ಗೆ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ 2010ರಲ್ಲೇ ಎಚ್ಚರಿಕೆ ಕೊಟ್ಟಿದೆ. ಅಪಾಯ ಸಣ್ಣದು, ಆದರೆ ಹತ್ತು ವರ್ಷದಿಂದ ಯಾಕೆ ನುಂಗುತ್ತಿದ್ದೇನೆ ಅನ್ನೋದೇ ನೆನಪಿಲ್ಲದವರು ಎಷ್ಟಿಲ್ಲ?

'ಮಕ್ಕಳನ್ನು ಹೆತ್ತು ಮೂಳೆ ಸವೆದುಹೋದವು' ಅನ್ನುವ ಮಾತೂ ಉಂಟು. ಮೊಲೆಹಾಲು ಕೊಡುವಾಗ ತಾಯಿಯ ಮೂಳೆ ಸ್ವಲ್ಪ ಕರಗುವುದು ನಿಜ. ಹಾಲು ಬಿಡಿಸಿದ ಮೇಲೆ ಹೆಚ್ಚಿನವರಲ್ಲಿ ಅದು ಮತ್ತೆ ತುಂಬಿಕೊಳ್ಳುತ್ತದೆ. ಗರ್ಭ ನಿಲ್ಲದಿರಲೆಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಕೊಡುವ ಅಂತರಾ ಇಂಜೆಕ್ಷನ್ ಕತೆಯೂ ಹಾಗೆಯೇ. ತಗೊಳ್ಳುವಷ್ಟು ಕಾಲ ಸಾಂದ್ರತೆ ಇಳಿಯುತ್ತದೆ, ಬಿಟ್ಟ ಮೇಲೆ ಚೇತರಿಸಿಕೊಳ್ಳುತ್ತದೆ. ಇವೆರಡರ ಮೇಲೆ ತಪ್ಪು ಹೊರಿಸುವುದು ಬೇಡ.

ಒಮ್ಮೆ ಮುರಿದದ್ದು

ಇಷ್ಟೆಲ್ಲ ಅಂಶಗಳಲ್ಲಿ ಅತಿ ಬಲವಾದ ಸುಳಿವು ಯಾವುದು? ಆಗಲೇ ಒಮ್ಮೆ ಮುರಿದಿರುವುದು. ನಿಂತ ಎತ್ತರದಿಂದ ಜಾರಿ ಬಿದ್ದಾಗ ಆರೋಗ್ಯವಂತ ಮೂಳೆ ಮುರಿಯಬಾರದು. ಮುರಿದರೆ ಅದು ಬಿದ್ದದ್ದರ ತಪ್ಪಲ್ಲ, ಮೂಳೆಯ ತಪ್ಪು. ಮುಂದಿನ ಮುರಿತದ ಅಪಾಯ ಅತಿ ಹೆಚ್ಚಿರುವುದು ಮೊದಲನೆಯದರ ನಂತರದ ಎರಡು ವರ್ಷದಲ್ಲಿ.

ನಮ್ಮಲ್ಲಿ ಆಗುವುದೇನು? 52ರ ಹೆಂಗಸು ಬಚ್ಚಲಲ್ಲಿ ಜಾರಿ ಕೈ ಊರುತ್ತಾರೆ, ಮಣಿಕಟ್ಟು ಮುರಿಯುತ್ತದೆ. ಒಂದೋ ಪ್ಲಾಸ್ಟರ್, ಇಲ್ಲದಿದ್ದರೆ ಪುತ್ತೂರು ಕಟ್ಟು. ಆರು ವಾರಕ್ಕೆ ಕೂಡಿಕೊಳ್ಳುತ್ತದೆ. 'ನೆಲ ಒದ್ದೆಯಿತ್ತು' ಅಂತ ಕತೆ ಮುಗಿಯುತ್ತದೆ. ಆರ್ಥೋಪೆಡಿಕ್ ಡಾಕ್ಟರೂ ಕೇಳುವುದಿಲ್ಲ, ನಾಟಿ ಕಟ್ಟುವವರೂ ಕೇಳುವುದಿಲ್ಲ. ಇಡೀ ವ್ಯವಸ್ಥೆಯಲ್ಲಿ ನನಗೆ ಅತಿ ದೊಡ್ಡ ತೂತಾಗಿ ಕಾಣುವುದು ಇದೇ. ರೋಗಿ ತಾನಾಗಿ ಆಸ್ಪತ್ರೆಗೆ ಬಂದಿದ್ದಾರೆ, ಎಕ್ಸ್‌ರೇ ಕೈಯಲ್ಲಿದೆ, ಮುಟ್ಟು ನಿಂತ ವಯಸ್ಸು ಕೇಳಲು ಅರ್ಧ ನಿಮಿಷ ಸಾಕು. ಅದೊಂದು ಆಗುವುದಿಲ್ಲ.

ಅಜ್ಜಿಯ ಬಾಗಿದ ಬೆನ್ನನ್ನು ವಯಸ್ಸಾಯಿತು ಅಂತ ಬಿಟ್ಟುಬಿಡುತ್ತೇವೆ. ಬಹಳಷ್ಟು ಸಲ ಅದು ಒಂದರ ಮೇಲೊಂದು ಕುಸಿದ ಬೆನ್ನುಮೂಳೆಗಳ ಗುರುತು. ಯೌವನದ ಎತ್ತರಕ್ಕಿಂತ 4 ಸೆಂಟಿಮೀಟರ್ ಕಡಿಮೆಯಾಗಿದ್ದರೆ ಬೆನ್ನಿನ ಎಕ್ಸ್‌ರೇ ತೆಗೆಸಬೇಕು. ಇದ್ದಕ್ಕಿದ್ದಂತೆ ಸೀರೆಯ ಉದ್ದ ಜಾಸ್ತಿಯಾದಂತೆ ಅನ್ನಿಸಿದರೆ ಅದೂ ಒಂದು ಸುಳಿವು.

ಸ್ಕ್ಯಾನ್ ಯಾರಿಗೆ ಅಂದರೆ, 65 ದಾಟಿದವರಿಗೆ ಹೇಗೂ ಬೇಕು. ಅದಕ್ಕೂ ಮುಂಚೆ 45ರೊಳಗೆ ಮುಟ್ಟು ನಿಂತವರಿಗೆ, ಅಂಡಾಶಯ ತೆಗೆಸಿದವರಿಗೆ, ಒಮ್ಮೆ ಮುರಿದುಕೊಂಡವರಿಗೆ, ಸ್ಟೀರಾಯ್ಡ್ ತಗೊಂಡವರಿಗೆ, ತೀರಾ ತೆಳ್ಳಗಿರುವವರಿಗೆ. ಉಚಿತ ಶಿಬಿರಗಳಲ್ಲಿ ಹಿಮ್ಮಡಿಯನ್ನು ಯಂತ್ರದಲ್ಲಿಟ್ಟು ಐದು ನಿಮಿಷದಲ್ಲಿ ಚೀಟಿ ಕೊಡುತ್ತಾರಲ್ಲ, ಅದರಿಂದ ಕಾಯಿಲೆ ತೀರ್ಮಾನ ಮಾಡುವ ಹಾಗಿಲ್ಲ. ಮೈನಸ್ 2.5ರ ಗೆರೆ ಇರುವುದು ಡೆಕ್ಸಾ ಸ್ಕ್ಯಾನಿಗೆ. ಡೆಕ್ಸಾ ಜಿಲ್ಲಾ ಕೇಂದ್ರಗಳಲ್ಲೂ ಎಲ್ಲ ಕಡೆ ಸುಲಭವಾಗಿ ಸಿಗುವುದಿಲ್ಲ. ಆದ್ದರಿಂದಲೇ ಪ್ರಶ್ನೆ ಕೇಳಿ ತಿಳಿಯುವ ಮಾಹಿತಿಗೆ ಇಲ್ಲಿ ಬೆಲೆ ಜಾಸ್ತಿ. ಆಶಾ ಕಾರ್ಯಕರ್ತೆಯರು 30 ದಾಟಿದವರ ಬಿಪಿ, ಸಕ್ಕರೆ ವಿಚಾರಿಸಲು ಮನೆಮನೆಗೆ ಹೋಗುತ್ತಲೇ ಇದ್ದಾರೆ. ಮುಟ್ಟು ಯಾವಾಗ ನಿಂತಿತು, ಆಪರೇಷನ್ ಆಗಿದೆಯಾ ಅನ್ನೋದನ್ನು ಅದರ ಜೊತೆಗೇ ಬರೆದುಕೊಂಡರೆ ಯಾವ ಯಂತ್ರವೂ ಇಲ್ಲದೆ ಅರ್ಧ ಕೆಲಸ ಆದಂತೆ.

ಚಿಕ್ಕ ವಯಸ್ಸಿಗೇ ಅಂಡಾಶಯ ಕಳೆದುಕೊಂಡವರಿಗೆ ಹಾರ್ಮೋನು ಚಿಕಿತ್ಸೆಯ ಮಾತು ಬಂದಾಗ ಹೆದರಿಕೆ ಎದುರಾಗುತ್ತದೆ. ಅದರ ಮೂಲ 2002ರಲ್ಲಿ ಅರ್ಧಕ್ಕೇ ನಿಲ್ಲಿಸಿದ ಅಮೆರಿಕದ ದೊಡ್ಡ ಪ್ರಯೋಗ. ಅದರಲ್ಲಿ ಸ್ತನ ಕ್ಯಾನ್ಸರ್, ಪಾರ್ಶ್ವವಾಯು ಸ್ವಲ್ಪ ಹೆಚ್ಚಾದವು, ಸೊಂಟದ ಮುರಿತ ಮೂರನೇ ಒಂದರಷ್ಟು ಕಡಿಮೆಯಾಯಿತು. ಆದರೆ ಅಲ್ಲಿದ್ದವರ ಸರಾಸರಿ ವಯಸ್ಸು 63. ಆ ಫಲಿತಾಂಶವನ್ನು 36ರ ಹೆಂಗಸಿಗೆ ಹಾಗೇ ಅಂಟಿಸುವುದು ಸರಿಯಲ್ಲ. ಬೇರೆ ಅಡ್ಡಿ ಇಲ್ಲದಿದ್ದರೆ ಸಹಜವಾಗಿ ಮುಟ್ಟು ನಿಲ್ಲುವ ವಯಸ್ಸಿನ ತನಕ ಹಾರ್ಮೋನು ಕೊಡಬಹುದು ಅಂತಲೇ ಈಗಿನ ಮಾರ್ಗಸೂಚಿಗಳು ಹೇಳುತ್ತವೆ. ಇದನ್ನು ಸ್ತ್ರೀರೋಗ ತಜ್ಞರ ಹತ್ತಿರ ಬಾಯಿಬಿಟ್ಟು ಕೇಳಬೇಕು, ಅವರಾಗಿ ಹೇಳುವುದು ಅಪರೂಪ.

ಕಾಯಿಲೆ ಬಂದ ಮೇಲಿನ ಔಷಧಿಗಳು ಕೆಲಸ ಮಾಡುತ್ತವೆ. ಆದರೆ ಯಾರಿಗೆ ಯಾವುದು ಅನ್ನುವಾಗ ಅವರ ದಿನಚರಿಯನ್ನೂ ನೋಡಬೇಕು. ವಾರಕ್ಕೊಮ್ಮೆ ನುಂಗುವ ಅಲೆಂಡ್ರೊನೇಟ್ ಅಗ್ಗ. ಖಾಲಿ ಹೊಟ್ಟೆಗೆ, ಬರೀ ನೀರಿನ ಜೊತೆ ನುಂಗಿ ಅರ್ಧ ಗಂಟೆ ಮಲಗದೆ, ಏನೂ ತಿನ್ನದೆ ಇರಬೇಕು. ಕಾಫಿ ಜೊತೆ ನುಂಗಿದರೆ ಮೈಗೆ ಹತ್ತುವುದು ಅರ್ಧಕ್ಕಿಂತ ಕಡಿಮೆ. ಎದ್ದ ಕೂಡಲೇ ಕಾಫಿ ಬೇಕೇ ಬೇಕು ಅನ್ನುವ ಮನೆಯಲ್ಲಿ ಇದು ಸಣ್ಣ ಪರೀಕ್ಷೆ ಅಲ್ಲ. ಆರು ತಿಂಗಳಿಗೊಮ್ಮೆ ಹಾಕುವ ಡೆನೊಸುಮಾಬ್ ಇಂಜೆಕ್ಷನ್ ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ನಡುವೆ ಬಿಟ್ಟರೆ ಗಳಿಸಿದ್ದೆಲ್ಲ ಬೇಗ ಕರಗಿ, ಕೆಲವರಿಗೆ ಒಟ್ಟೊಟ್ಟಿಗೆ ಎರಡು ಮೂರು ಬೆನ್ನುಮೂಳೆ ಕುಸಿದದ್ದೂ ಇದೆ. ಕೂಲಿ ಹುಡುಕಿಕೊಂಡು ಊರೂರು ತಿರುಗುವ ಹೆಂಗಸಿಗೆ ಅದನ್ನು ಶುರು ಮಾಡುವ ಮುಂಚೆ ಡಾಕ್ಟರು ಎರಡು ಸಲ ಯೋಚಿಸಬೇಕು. ವರ್ಷಕ್ಕೊಮ್ಮೆ ಡ್ರಿಪ್ಪಿನಲ್ಲಿ ಕೊಡುವ ಜೋಲೆಡ್ರೋನಿಕ್ ಆ್ಯಸಿಡ್ ಅಂಥವರಿಗೆ ಹೆಚ್ಚು ಹೊಂದುತ್ತದೆ. ಮುಂದಿನ ಸಲ ಬರುವುದು ನಾಲ್ಕು ತಿಂಗಳು ತಡವಾದರೂ ಅದರ ಗುಣ ಅಷ್ಟು ಬೇಗ ಹೋಗುವುದಿಲ್ಲ. ಕೊಡುವ ಮುಂಚೆ ವಿಟಮಿನ್ ಡಿ ಮತ್ತು ಕಿಡ್ನಿ ಪರೀಕ್ಷೆ ಆಗಿರಬೇಕು, ಕೀಳಿಸಬೇಕಾದ ಹಲ್ಲಿದ್ದರೆ ಮೊದಲೇ ಕೀಳಿಸಿರಬೇಕು.